ನೀಲಿ ಸೀರಮ್ಮೋ, ಬಿಳೀ ಕ್ರೀಮೋ: ಮುಖದ ಮೇಲೆ ಎರಡು ಪೆಪ್ಟೈಡ್

ಮೊದಲೇ ಹೇಳಿಬಿಡ್ತೀನಿ, ಮುಖದ ಗೆರೆಗೆ ಅಂತ ಹಚ್ಚಿ ನೋಡಿದ ಎರಡರಲ್ಲಿ ಗೆದ್ದದ್ದು 640 ರೂಪಾಯಿಯ ಕ್ರೀಮು. 1,450 ಕೊಟ್ಟು ತರಿಸಿದ ನೀಲಿ ಸೀರಮ್ಮು ಫ್ರಿಜ್ಜಿನಲ್ಲಿ ಮೊಸರಿನ ಪಾತ್ರೆ ಪಕ್ಕ ಕೂತಿದೆ.

ಸೀರಮ್ಮಿನಲ್ಲಿರೋದು ಕಾಪರ್ ಪೆಪ್ಟೈಡ್. ಪೆಪ್ಟೈಡ್ ಅಂದರೆ ಪ್ರೋಟೀನಿನ ಚೂರು; ಇದು ಮೂರೇ ಅಮೈನೋ ಆಮ್ಲ ಪೋಣಿಸಿದ ತುಂಡು, ಅದಕ್ಕಂಟಿದ ತಾಮ್ರ. ವಿಜ್ಞಾನಿ ಲೊರೆನ್ ಪಿಕಾರ್ಟ್ 1973ರಲ್ಲಿ ಮನುಷ್ಯರ ರಕ್ತದ ಪ್ಲಾಸ್ಮಾದಲ್ಲಿ ಗುರುತಿಸಿದ ಪೆಪ್ಟೈಡನ್ನೇ ಈಗ ಲ್ಯಾಬಿನಲ್ಲಿ ತಯಾರಿಸ್ತಾರೆ. ಗಾಯ ಮಾಯಿಸೋದರಲ್ಲಿ ಇದರ ಕೈವಾಡ ಇದೆ ಅಂತ ಓದಿಯೇ ಮರುಳಾದೆ. ಬಣ್ಣ ಥೇಟ್ ಮೈಲುತುತ್ತ, ಅಡಿಕೆಯ ಕೊಳೆರೋಗಕ್ಕೆ ಹೊಡೆಯೋ ಬೋರ್ಡೋ ದ್ರಾವಣಕ್ಕೆ ಹಾಕ್ತಾರಲ್ಲ, ಅದೇ. ಮೊದಲ ದಿನ ಹಚ್ಚಿಕೊಂಡು ನಿಂತಾಗ ನಮ್ಮತ್ತೆ, "ಏನೇ, ಮುಖಕ್ಕೂ ಕೊಳೆರೋಗ ಬಂತೇನೇ? ಬೋರ್ಡೋ ಹೊಡ್ಕೊಂಡಿದೀಯ!" ಅಂದ್ರು.

ಅದನ್ನು ಸಹಿಸಬಹುದು. ಸಹಿಸಲಾಗದ್ದು ಆ ಸಿಪ್ಪೆ. ಬೆಳಿಗ್ಗೆ ಸೀರಮ್ಮಿನ ಮೇಲೆ ಸನ್‌ಸ್ಕ್ರೀನ್ ಸವರಿದರೆ ಸಾಕು, ಪೆನ್ಸಿಲ್ ಗೀಟು ಉಜ್ಜಿದಾಗ ರಬ್ಬರಿನಿಂದ ಉದುರುತ್ತಲ್ಲ, ಹಾಗೆ ಬಿಳೀ ಎಳೆ ಏಳುತ್ತೆ. ಹುಬ್ಬಿನಲ್ಲಿ, ಕಿವಿ ಪಕ್ಕ, ಕಡೆಗೆ ಸೀರೆ ಸೆರಗಿನ ಮೇಲೆ. ಐದು ನಿಮಿಷ ಕಾದೆ, ಹದಿನೈದು ಕಾದೆ. ಮೂರು ಹನಿಯನ್ನು ಎರಡಕ್ಕಿಳಿಸಿದೆ. ಉಜ್ಜದೆ ತಟ್ಟಿದೆ. ಸನ್‌ಸ್ಕ್ರೀನನ್ನೇ ಬದಲಿಸಿದೆ, ಇನ್ನೊಂದು 500 ಹೋಯ್ತು.

ಒಂದಿನ ಮೂರನೇ ಕ್ಲಾಸಿನ ಹುಡುಗಿ ನೋಟ್‌ಬುಕ್ ತೋರಿಸಲು ಬಂದವಳು, "ಮಿಸ್, ನಿಮ್ಮ ಮುಖ ಸುಲೀತಿದೆ" ಅಂದಳು. ಅವತ್ತಿಗೆ ಬೆಳಗಿನ ಸೀರಮ್ಮು ನಿಂತಿತು.

ರಾತ್ರಿ ಹಚ್ಚಬಹುದಿತ್ತಲ್ಲ ಅಂತೀರಿ. ಹಚ್ಚಿದೆ. ಬರೀ ನೀರು, ಮೇಲೊಂದು ಕ್ರೀಮು ಬೇಕೇ ಬೇಕು. ಪಾತ್ರೆ ತೊಳೆದು ಬಂದಮೇಲೆ ಎರಡೆರಡು ಪದರ ಹಚ್ಚೋ ತಾಳ್ಮೆ ನನಗಿಲ್ಲ.

ಕ್ರೀಮಿನಲ್ಲಿರೋದು ಮ್ಯಾಟ್ರಿಕ್ಸಿಲ್, ಅಂದರೆ ಪಾಮಿಟೋಯ್ಲ್ ಪೆಂಟಾಪೆಪ್ಟೈಡ್-4. ಚರ್ಮವನ್ನು ಬಿಗಿಯಾಗಿ ಹಿಡಿದಿಡೋ ಕೊಲಾಜೆನ್ ಆಗುವ ಮುಂಚಿನ ಪ್ರೋಟೀನಿನ ಒಂದು ತುಣುಕಿನ ನಕಲು. ಅದನ್ನು ಕಂಡ ಜೀವಕೋಶ 'ಎಲ್ಲೋ ಒಡೆದಿದೆ' ಅಂತ ತಿಳಿದು ಹೊಸ ಕೊಲಾಜೆನ್ ನೇಯಲಿ ಅನ್ನೋ ಉಪಾಯ. ಚರ್ಮದೊಳಗೆ ಇಳಿಯಲಿ ಅಂತ ತುದಿಗೊಂದು ಕೊಬ್ಬಿನ ಆಮ್ಲ ಕಟ್ಟಿದ್ದಾರೆ. 2005ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ 93 ಹೆಂಗಸರು 12 ವಾರ ಮುಖದ ಒಂದು ಬದಿಗೆ ಇದಿರುವ ಕ್ರೀಮು, ಇನ್ನೊಂದಕ್ಕೆ ಇಲ್ಲದ್ದು ಹಚ್ಚಿದ್ರು. ಇದ್ದ ಬದಿಯ ಸಣ್ಣ ಗೆರೆ ತುಸು ತಗ್ಗಿತ್ತು. ತುಸುವೇ.

ನನಗೂ ಅಷ್ಟೇ. ನಾಲ್ಕು ತಿಂಗಳಿಗೆ ಕಣ್ಣಂಚಿನ ಗೆರೆ ಮೆತ್ತಗಾಗಿದೆ, ಹುಬ್ಬಿನ ನಡುವಿನದು ಕದಲಿಲ್ಲ. ಅರ್ಧ ಪುಣ್ಯ ಬರೀ ಜಿಡ್ಡಿನದೂ ಇರಬಹುದು.

ಗೆರೆಗೆ ಹಚ್ಚೋ ವಿಟಮಿನ್ ಎ, ಅಂದರೆ ರೆಟಿನಾಲ್‌ಗೆ ಪುರಾವೆ ಇದಕ್ಕಿಂತ ಗಟ್ಟಿ, ಒಪ್ಪಿದೆ. ಆದರೆ ಅದನ್ನು ಹಚ್ಚಿದರೆ ನನ್ನ ಮೂಗಿನ ಪಕ್ಕ ಎರಡೇ ವಾರಕ್ಕೆ ಉರಿ.

ಉಳಿದ ನೀಲಿ ನೀರನ್ನು ಈಗ ಮಲಗೋ ಮುಂಚೆ ಕೈಗೆ ಹಚ್ಕೋತೀನಿ. ಅಡಿಕೆ ಸುಲಿದ ಬೆರಳಿಗೆ ಆ ಹೊತ್ತಲ್ಲಿ ಸನ್‌ಸ್ಕ್ರೀನ್ ಬೇಡವಲ್ಲ.