ಮೂಡಿಗೆರೆ ಚಳಿಗೆ ದಕ್ಷಿಣ ಫ್ರಾನ್ಸಿನ ಕೆಂಪು ವೈನ್

ತಂಗಿ ಫ್ರಾನ್ಸಿನಿಂದ ತಂದುಕೊಟ್ಟ ಬಾಟಲಿ ಇದು. ದಕ್ಷಿಣ ರೋನ್ ಕಣಿವೆಯ ಒಂದು ಪುಟ್ಟ ಸಾವಯವ ದ್ರಾಕ್ಷಿ ತೋಟದ್ದು. ಮೂರು ದ್ರಾಕ್ಷಿ ತಳಿಗಳ ಮಿಶ್ರಣ: ಗ್ರೆನಾಶ್ ಜಾಸ್ತಿ, ಜೊತೆಗೆ ಸಿರಾ, ಸ್ವಲ್ಪ ಮೂರ್ವೆದ್ರ್.

ತೆಗೆದ ಕೂಡಲೇ ಕುಡಿಯಬೇಡಿ. ಮೊದಲ ಗುಟುಕು ಒಗರಾಗಿ ನಾಲಿಗೆ ಹಿಡಿಯುತ್ತದೆ. ಅರ್ಧ ಗಂಟೆ ಗ್ಲಾಸಿನಲ್ಲಿ ಬಿಟ್ಟರೆ ಬೇರೆಯೇ ವೈನ್! ಹಣ್ಣಾದ ನೇರಳೆಯ ವಾಸನೆ, ಹಿಂದೆಯೇ ಕಾಳುಮೆಣಸು. ಸಿಲ್ವರ್ ಮರಕ್ಕೆ ಹಬ್ಬಿದ ಬಳ್ಳಿಯಿಂದ ಕಾಳು ಕಿತ್ತು ಬೆರಳಲ್ಲಿ ಉಜ್ಜಿದರೆ ಬರುತ್ತದಲ್ವಾ, ಅದೇ ಘಮ. ಸುಮ್ನೆ ಹೇಳುತ್ತಿಲ್ಲ, ರೋಟಂಡೋನ್ ಅನ್ನುವ ಒಂದೇ ಅಂಶ ಮೆಣಸಿನಲ್ಲೂ ಇದೆ, ಸಿರಾದಲ್ಲೂ ಇದೆ.

ಲೇಬಲ್ ಮೇಲೆ ಯುರೋಪಿನ ಹಸಿರು ಎಲೆಯ ಗುರುತಿದೆ. ಅಲ್ಲಿ 2012ರಿಂದ ಸಾವಯವ ವೈನಿಗೇ ಪ್ರತ್ಯೇಕ ನಿಯಮ. ಸಿಹಿಯಿಲ್ಲದ ಕೆಂಪು ವೈನಿನಲ್ಲಿ ಸಲ್ಫೈಟ್ (ಕೆಡದಂತೆ ಹಾಕುವ ಸಂರಕ್ಷಕ) ಲೀಟರಿಗೆ 100 ಮಿಲಿಗ್ರಾಂ ದಾಟುವಂತಿಲ್ಲ. ಮಾಮೂಲಿ ವೈನಿಗೆ 150 ತನಕ ಬಿಡುತ್ತಾರೆ. ಕಳೆನಾಶಕ ಹೊಡೆಯದೆ ಕಾಫಿ ಬೆಳೆಯುವ ನನಗೆ ಆ ತೋಟದವರ ಕಷ್ಟ ಗೊತ್ತು, ಅವರ ಮೇಲೆ ಗೌರವವಿದೆ.

ಕಡುಬು, ಹಂದಿ ಸಾರಿನ ಜೊತೆ ತುಂಬಾ ಚೆನ್ನಾಗಿ ಹೊಂದಿತು. ಮೀನಿನ ಜೊತೆ ಬೇಡ, ಬಾಯೆಲ್ಲ ಕಬ್ಬಿಣದ ರುಚಿಯಾಗುತ್ತದೆ. ಆಲ್ಕೋಹಾಲ್ ಶೇ. 14, ಮಧ್ಯಾಹ್ನಕ್ಕೆ ಭಾರ. ತಂಗಿಗೆ ಇನ್ನೆರಡು ಬಾಟಲಿ ಹೇಳಿದ್ದೇನೆ.