ಮನೇಲಿ ಕಟ್ಟಿದ ಹೋವರ್‌ಕ್ರಾಫ್ಟ್ ಪ್ಯಾನೆಲ್‌ಗೆ ಮ್ಯಾಗ್ನಹೆಲಿಕ್ ಗೇಜು: ತುಂಬಾ ದಿನ ಬಳಸಿದ್ಮೇಲೆ

ಪ್ಯಾನೆಲ್ ಪೂರ್ತಿ ನಾನೇ ಅಲ್ಯೂಮಿನಿಯಂ ಶೀಟ್ ಕಟ್ ಮಾಡಿ ಮಾಡ್ಕೊಂಡಿದ್ದು, ಅದ್ರಲ್ಲಿ ಆರ್‌ಪಿಎಂ, ಎಕ್ಸಾಸ್ಟ್ ಟೆಂಪರೇಚರ್, ಜಿಪಿಎಸ್ ಸ್ಪೀಡು ಎಲ್ಲಾ ಇದೆ, ಆದ್ರೆ ಕೊಟ್ಟ ದುಡ್ಡಿಗೆ ಮೋಸ ಮಾಡ್ದೇ ಇರೋದು ಎಸಿ ಡಕ್ಟ್ ಕೆಲಸದವ್ರು ಗಾಳಿಯ ಒತ್ತಡ ಅಳೆಯೋಕೆ ಬಳಸೋ ಈ ಮುಳ್ಳಿನ ಗೇಜೇ. ಹೋವರ್‌ಕ್ರಾಫ್ಟ್ ಅಂದ್ರೆ ಗಾಳಿಯ ಮೆತ್ತೆ ಮೇಲೆ ತೇಲೋ ಗಾಡಿ, ಆ ಮೆತ್ತೆಯ ಪ್ರೆಷರ್ ಇದ್ರಲ್ಲಿ ಕಾಣುತ್ತೆ. ಸೆಕೆಂಡ್‌ಹ್ಯಾಂಡ್ ತಗೊಂಡೆ, 0-100 ಮಿಮೀ ನೀರಿನ ರೇಂಜು (ಪ್ರೆಷರ್ ಎಷ್ಟು ಎತ್ತರದ ನೀರಿನ ಭಾರಕ್ಕೆ ಸಮ ಅನ್ನೋ ಲೆಕ್ಕ). ಬ್ಯಾಟರಿ ಬೇಡ, ವೈರ್ ಬೇಡ.

ರೇಂಜ್ ಲೆಕ್ಕ ಸುಲಭ. ಕ್ರಾಫ್ಟೂ ನಾನೂ ಸೇರಿ ಹತ್ತಿರತ್ತಿರ 300 ಕೆಜಿ, ಸ್ಕರ್ಟ್ (ಕೆಳಗೆ ಗಾಳಿ ಹಿಡಿದಿಡೋ ಸುತ್ತಲಿನ ಬಟ್ಟೆ) ಒಳಗಿನ ಜಾಗ 5 ಚದರ ಮೀಟರ್, ಅಂದ್ರೆ ಚದರ ಮೀಟರಿಗೆ 60 ಕೆಜಿ, ಅದೇ 60 ಮಿಮೀ ನೀರು. ಮೊದ್ಲು 10 ಕಿಲೋಪ್ಯಾಸ್ಕಲ್‌ನ ಎಲೆಕ್ಟ್ರಾನಿಕ್ ಸೆನ್ಸರ್ ಇತ್ತು, ನಮ್ಗೆ ಬೇಕಾಗಿರೋದು ಅದ್ರ ರೇಂಜಲ್ಲಿ ಬರೀ 6 ಪರ್ಸೆಂಟು, ಇಂಜಿನ್ ಅದುರೋದಕ್ಕೆ ನಂಬರ್ ಕುಣೀತಾನೇ ಇರ್ತಿತ್ತು, ತೆಗೆದು ಹಾಕ್ದೆ.

ಈಗ ನೋಡಿ, ಕ್ರಾಫ್ಟ್ ಒಂದ್ಸಲ ಎದ್ಮೇಲೆ ಪ್ರೆಷರ್ ಜಾಸ್ತಿ ಬದಲಾಗಲ್ಲ, ಅದು ಭಾರಕ್ಕೆ ತಕ್ಕ ಹಾಗೆ ಅಲ್ಲೇ ನಿಲ್ಲುತ್ತೆ, ಹಾಗಾಗಿ ಬರೀ ಮುಳ್ಳು ನೋಡಿದ್ರೆ ಏನೂ ಗೊತ್ತಾಗಲ್ಲ, ಆ 60ಕ್ಕೆ ಬರೋಕೆ ಇವತ್ತು ಎಷ್ಟು ಆರ್‌ಪಿಎಂ ಬೇಕಾಯ್ತು ಅನ್ನೋದನ್ನ ನೋಡ್ಬೇಕು. ನಂದು ಒಂದೇ ಫ್ಯಾನ್, ಅದ್ರ ಗಾಳೀಲೇ ಒಂದು ಪಾಲು ಸ್ಕರ್ಟಿಗೆ, ಉಳಿದಿದ್ದು ಹಿಂದಕ್ಕೆ. ಸ್ಕರ್ಟ್ ಎಲ್ಲೋ ಹರಿದಿದ್ರೆ ಅದೇ ಪ್ರೆಷರ್‌ಗೆ ಇಂಜಿನ್ ಜಾಸ್ತಿ ತಿರುಗ್ಬೇಕಾಗುತ್ತೆ, ಹೊರಗಿಂದ ಕಾಣೋಕ್ ಮುಂಚೇನೇ ಇಲ್ಲಿ ಗೊತ್ತಾಗುತ್ತೆ. ಅದಕ್ಕೇ ಗೇಜನ್ನ ಟ್ಯಾಕೋಮೀಟರ್ (ಆರ್‌ಪಿಎಂ ಮೀಟರ್) ಪಕ್ಕಕ್ಕೇ ಇಟ್ಟಿದೀನಿ, ಹೆಲ್ಮೆಟ್ ಹಾಕ್ಕೊಂಡು ಕಣ್ಣು ಒಂದ್ಸಲ ಹಾಯ್ಸಿದ್ರೆ ಎರಡೂ ಸಿಗ್ಬೇಕು.

ಆರ್‌ಪಿಎಂ ಬಗ್ಗೆ ಒಂದು ಮಾತು, ಇಂಜಿನ್ ರೋಟ್ಯಾಕ್ಸ್ 503, ಮೀಟರ್ ಸುತ್ತು ಎಣಿಸೋದು ಅದ್ರ ಜನರೇಟರ್‌ನ ಪಲ್ಸಿಂದ (ಕರೆಂಟ್ ಮಿಡಿತ), ಅದು 12 ಪೋಲ್, ಒಂದು ಸುತ್ತಿಗೆ 6 ಪಲ್ಸ್, ಮೀಟರಲ್ಲಿ ಅದನ್ನ ಸೆಟ್ ಮಾಡದಿದ್ರೆ ರೀಡಿಂಗ್ ಪೂರ್ತಿ ಸುಳ್ಳು. ಎಕ್ಸಾಸ್ಟ್ 650 ಡಿಗ್ರಿ ದಾಟಬಾರ್ದು, ಕೆ-ಟೈಪ್ ಥರ್ಮೋಕಪಲ್‌ಗೆ (ಬಿಸಿ ಅಳೆಯೋ ಎರಡು ಲೋಹದ ವೈರಿನ ಸೆನ್ಸರ್) ಮಾಮೂಲಿ ತಾಮ್ರದ ವೈರ್ ಜೋಡಿಸಿ ಉದ್ದ ಮಾಡೋರಿದ್ದಾರೆ, ದಯವಿಟ್ಟು ಬೇಡ, ಜಾಯಿಂಟ್ ಬಿಸಿಯಾದಷ್ಟೂ ಮೀಟರ್ ಕಮ್ಮಿ ತೋರ್ಸುತ್ತೆ. ಜಿಪಿಎಸ್ ಇರ್ಲಿ, ಚಕ್ರ ಇಲ್ದಿರೋ ಗಾಡಿಗೆ ಬೇರೆ ದಾರಿ ಇಲ್ಲ. ಆನ್‌ಲೈನಲ್ಲಿ ತಗೊಂಡ ಚಿಕ್ಕ ಓಎಲ್‌ಇಡಿ ಸ್ಕ್ರೀನ್ ಮಾತ್ರ ಬಿಸಿಲಲ್ಲಿ ಕರೀ ಗಾಜು, ಏನೂ ಕಾಣಲ್ಲ.

ಗೇಜಿನ ತೊಂದರೆ ಇಲ್ದೇ ಇಲ್ಲ. ಲಂಬವಾಗಿ ಇಟ್ರೆ ಮಾತ್ರ ಸರಿ ಇರುತ್ತೆ, ಪ್ಯಾನೆಲ್ ವಾಲಿದ್ರೆ ಮುಂದಿನ ಸ್ಕ್ರೂ ತಿರುಗ್ಸಿ ಝೀರೋ ಮಾಡ್ಕೋಬೇಕು. ತೂಕಾನೂ ಇದೆ, ರಬ್ಬರ್ ವಾಷರ್ ಇಲ್ದೆ ಬಿಗೀಬೇಡಿ. ಗೇಜಿಗೆ ಎರಡು ಪೋರ್ಟ್ (ಗಾಳಿ ತೂತು), ಒಂದಕ್ಕೆ ಸ್ಕರ್ಟ್ ಒಳಗಿಂದ ಪೈಪ್, ಇನ್ನೊಂದು ಹೊರಗಾಳಿಗೆ ತೆರೆದಿರುತ್ತೆ; ಆ ತೆರೆದಿರೋ ಪೋರ್ಟಿಗೆ ಎದುರುಗಾಳಿ ಬಡಿದ್ರೆ ಮುಳ್ಳು ಅಲ್ಲಾಡುತ್ತೆ, ಒಂದು ಚೂರು ಸ್ಪಂಜ್ ತುರುಕಿದ್ರೆ ಸಾಕು. ಇನ್ನೊಂದು, ಕೆಳಗಿಂದ ಬರೋ ಪೈಪಿಗೆ ನೀರು ಹೋಗೇ ಹೋಗುತ್ತೆ, ಮಧ್ಯೆ ಒಂದು ಚಿಕ್ಕ ಬಾಟ್ಲಿ ಹಾಕಿ, ಆಗಾಗ ಬಿಚ್ಚಿ ಚೆಲ್ಲಿ. 5ಕ್ಕೆ 4 ಸ್ಟಾರ್, ಹೊಸದರ ರೇಟ್ ನೋಡಿ ಒಂದು ಕಟ್.