ಟೊಳ್ಳು ರೆಸಿನ್ ಪ್ರಿಂಟ್ ಕೊಳ್ಳುವ ಮುಂಚೆ ಅಡಿಭಾಗ ನೋಡಿ

ಮಾದರಿ ರೈಲಿಗೆ ಬೇಕಾದ ಸಣ್ಣಪುಟ್ಟ ಸಾಮಾನುಗಳನ್ನು ರೆಸಿನ್‌ನಲ್ಲಿ, ಅಂದರೆ ಬೆಳಕು ಬಿದ್ದರೆ ಗಟ್ಟಿಯಾಗುವ ದ್ರವದಲ್ಲಿ, 3ಡಿ ಪ್ರಿಂಟ್ ಮಾಡಿ ಮಾರುವವರು ಈಗ ಜಾಸ್ತಿ. ಅವರಿಂದ ಕೊಳ್ಳುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನೀರಿನ ಟ್ಯಾಂಕ್, ಟ್ಯಾಂಕ್ ವ್ಯಾಗನ್, ಬಾಯ್ಲರ್, ಹೀಗೆ ಎಲ್ಲ ಕಡೆಯಿಂದ ಮುಚ್ಚಿಕೊಂಡ ಆಕಾರದ್ದು ಬಣ್ಣ ಬಳಿದುಕೊಂಡೇ ಬಂದರೆ ಹುಷಾರು.

ನಾನು ತರಿಸಿದ್ದು ಎಚ್‌ಒ ಸ್ಕೇಲಿನ, ಅಂದರೆ 1:87 ಅಳತೆಯ ನೀರಿನ ಟ್ಯಾಂಕ್. ಉಗಿ ಎಂಜಿನ್ ಕಾಲದ್ದು, ಹಳಿಯ ಮೇಲಕ್ಕೆ ಚಾಚಿದ ಕೊಳವೆ ಇರುವಂಥದ್ದು. ಜೊತೆಗೆ ಎರಡು ಟ್ಯಾಂಕ್ ವ್ಯಾಗನ್, ಒಂದಿಷ್ಟು ಡ್ರಮ್ಮು, ಪೆಟ್ಟಿಗೆ. ಕೆಲಸ ಚೆನ್ನಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. 0.05 ಮಿ.ಮೀ. ಪದರದಲ್ಲಿ ಪ್ರಿಂಟ್ ಮಾಡಿದ್ದರು. ರಿವೆಟ್‌ಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಪ್ಲಾಸ್ಟಿಕ್ ಎಳೆ ಕರಗಿಸಿ ಪ್ರಿಂಟ್ ಮಾಡುವ ಯಂತ್ರಗಳಲ್ಲಿ ಈ ನಯ ಬರುವುದು ಕಷ್ಟ.

ಕೆಲವು ತಿಂಗಳು ಏನೂ ತೊಂದರೆ ಇರಲಿಲ್ಲ. ಆಮೇಲೆ ಎಂಜಿನ್ ಒಂದೇ ಜಾಗದಲ್ಲಿ ತಡವರಿಸತೊಡಗಿತು. ಹಳಿ ಒರೆಸಿದರೆ ಸರಿಹೋಗುತ್ತಿತ್ತು, ಎರಡು ದಿನ ಬಿಟ್ಟು ಮತ್ತೆ ಅದೇ ಕತೆ. ಚಕ್ರ ಬಿಚ್ಚಿ ನೋಡಿದೆ, ಹಳಿಯ ಜೋಡಣೆ ನೋಡಿದೆ, ವೈರಿಂಗ್ ನೋಡಿದೆ. ಕೊನೆಗೆ ಕಂಡದ್ದು ಟ್ಯಾಂಕಿನ ಕೊಳವೆಯ ತುದಿಯಲ್ಲಿ ನೇತಾಡುತ್ತಿದ್ದ ಒಂದು ಹನಿ. ಟ್ಯಾಂಕಿನ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟು, ಒಳಗಿದ್ದ ಹಸಿ ರೆಸಿನ್ ಕೊಳವೆಯ ಗುಂಟ ಇಳಿದು ಹಳಿ ಮೇಲೆ ತೊಟ್ಟಿಕ್ಕುತ್ತಿತ್ತು. ಈ ಎಂಜಿನ್‌ಗೆ ಕರೆಂಟ್ ಬರುವುದು ಹಳಿಯಿಂದ, ಚಕ್ರದ ಮೂಲಕ. ರೆಸಿನ್ ಆ ಕರೆಂಟ್ ಹರಿಯಲು ಬಿಡುವುದಿಲ್ಲ. ಹಳಿಗೂ ಚಕ್ರಕ್ಕೂ ನಡುವೆ ತೆಳುವಾದ ಪೊರೆ ಕೂತರೂ ಸಾಕು, ಎಂಜಿನ್ ನಿಲ್ಲುತ್ತದೆ. ಸಾಲದ್ದಕ್ಕೆ ಚಕ್ರಗಳು ಆ ಅಂಟನ್ನು ಲೇಔಟ್, ಅಂದರೆ ಮಾದರಿ ರೈಲಿನ ಹಳಿ ಜೋಡಿಸಿಟ್ಟ ಹಾಸು, ಪೂರ್ತಿ ಹಂಚಿದ್ದವು. ಟ್ಯಾಂಕಿನ ಕಾಲುಗಳ ಬಣ್ಣ ಮೆತ್ತಗಾಗಿ ಸುಲಿದು ಬಂತು. ಕೆಳಗಿನ ಜಲ್ಲಿಯೆಲ್ಲ ಅಂಟಂಟು.

ಟ್ಯಾಂಕನ್ನು ಕೊಯ್ದು ನೋಡಿದಾಗ ಕಾರಣ ಗೊತ್ತಾಯಿತು. ಒಳಗೆ ಟೊಳ್ಳು, ಆದರೆ ಎಲ್ಲೂ ಒಂದು ತೂತಿಲ್ಲ. ರೆಸಿನ್ ಉಳಿಸೋಕೆ ಅಂತ ಮಾದರಿಯನ್ನು ಟೊಳ್ಳು ಮಾಡುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಪ್ರಿಂಟ್ ಆಗುವುದು ರೆಸಿನ್ ತುಂಬಿದ ತೊಟ್ಟಿಯಲ್ಲಿ. ಒಳಗೆ ಸೇರಿದ ದ್ರವ ಹೊರಬರಲು ದಾರಿ ಬಿಡದಿದ್ದರೆ ಅದು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಆಮೇಲೆ ಆಲ್ಕೋಹಾಲ್‌ನಲ್ಲಿ ಎಷ್ಟು ತೊಳೆದರೂ ಒಳಗೆ ತಾಗುವುದಿಲ್ಲ. ಗಟ್ಟಿ ಮಾಡುವ ದೀಪದ ಬೆಳಕು, ಸಾಮಾನ್ಯವಾಗಿ 405 ನ್ಯಾನೋಮೀಟರ್‌ನದ್ದು, ಬೂದು ಬಣ್ಣದ ಗೋಡೆ ದಾಟಿ ಒಳಗೆ ಹೋಗುವುದೂ ಅಷ್ಟಕ್ಕಷ್ಟೆ. ಹೊರಗೆ ಗಟ್ಟಿ, ಒಳಗೆ ಹಸಿ. ಹೊರಮೈ ದಿನ ಕಳೆದಂತೆ ಬೆಳಕಿಗೆ ಇನ್ನಷ್ಟು ಬಿಗಿದು ಪೆಡಸಾಗುತ್ತದೆ, ಒಳಗಿನ ದ್ರವ ಗೋಡೆಯನ್ನು ಮೆತ್ತಗೆ ತಿನ್ನುತ್ತಿರುತ್ತದೆ. ಬಿರುಕು ಬಿಡುವುದು ತಿಂಗಳುಗಳ ನಂತರ. ಅಷ್ಟರಲ್ಲಿ ವಾಪಸು ಕೊಡುವ ಅವಧಿ ಮುಗಿದಿರುತ್ತದೆ ಅಲ್ವಾ!

ಮಾರಿದವರಿಗೆ ಫೋಟೋ ಕಳಿಸಿದೆ. ಕೋಣೆ ಬಿಸಿಯಾಗಿರಬೇಕು ಎಂದರು. ಕೊಯ್ದ ಟ್ಯಾಂಕಿನ ಫೋಟೋ ಕಳಿಸಿದ ಮೇಲೆ, ತೂತು ಇಟ್ಟರೆ ನೋಡೋಕೆ ಚೆನ್ನಾಗಿರಲ್ಲ, ಗಿರಾಕಿಗಳು ಬೈತಾರೆ ಎಂದರು. ಅಡಿಭಾಗದಲ್ಲಿ 3 ಮಿ.ಮೀ.ನ ಎರಡು ತೂತು ಇಟ್ಟರೆ ಯಾರಿಗೆ ಕಾಣುತ್ತದೆ? ಒಂದರಿಂದ ಗಾಳಿ ಒಳಗೆ, ಇನ್ನೊಂದರಿಂದ ರೆಸಿನ್ ಹೊರಗೆ. ಚೆನ್ನಾಗಿ ಪ್ರಿಂಟ್ ಮಾಡುವವರೆಲ್ಲ ಹಾಗೇ ಮಾಡುತ್ತಾರೆ. ದುಡ್ಡು ವಾಪಸು ಬರಲಿಲ್ಲ.

ಹಾಗಾಗಿ ಕೊಳ್ಳುವ ಮುಂಚೆ ಅಡಿಭಾಗದ ಫೋಟೋ ಕೇಳಿ. ಗಟ್ಟಿಯೋ ಟೊಳ್ಳೋ, ಟೊಳ್ಳಾದರೆ ತೂತು ಎಲ್ಲಿದೆ ಅಂತ ಕೇಳಿ. ಉತ್ತರ ಸುತ್ತಿಬಳಸಿ ಬಂದರೆ ಬಿಟ್ಟುಬಿಡಿ. ಸಾಧ್ಯವಾದರೆ ಬಣ್ಣ ಬಳಿಯದ್ದನ್ನೇ ತರಿಸಿ, ಏಕೆಂದರೆ ಪ್ರೈಮರ್ ಮತ್ತು ಬಣ್ಣದ ಕೆಳಗೆ ಅಂಟು, ವಾಸನೆ, ಸಣ್ಣ ಬಿರುಕು ಎಲ್ಲ ಮುಚ್ಚಿಹೋಗುತ್ತವೆ. ಬಂದ ಮೇಲೂ ನೇರ ಲೇಔಟ್ ಮೇಲೆ ಇಡಬೇಡಿ. ಬಿಳಿ ಕಾಗದದ ಮೇಲೆ ಕೆಲವು ವಾರ ಇಟ್ಟು, ಕಲೆ ಬೀಳುತ್ತದೋ ನೋಡಿ. ಕಲೆ ಬೀಳದಿದ್ದರೂ ಪೂರ್ತಿ ನಂಬುವ ಹಾಗಿಲ್ಲ, ತೂತು ಇದೆಯೇ ಅನ್ನುವುದೇ ಮುಖ್ಯ. ಡ್ರಮ್ಮು, ಪೆಟ್ಟಿಗೆ, ಸಿಗ್ನಲ್ ಲಿವರ್‌ನಂಥ ಗಟ್ಟಿಯಾಗಿ ಪ್ರಿಂಟ್ ಮಾಡಿದ ಸಣ್ಣ ಸಾಮಾನುಗಳಲ್ಲಿ ಈ ಗೋಳಿಲ್ಲ. ನನ್ನವು ಈಗಲೂ ಚೆನ್ನಾಗಿವೆ.

ಇನ್ನೊಂದು ವಿಷಯ, ಇದು ಮೈಗೆ ಸಂಬಂಧಿಸಿದ್ದು. ಹಸಿ ರೆಸಿನ್ ಬರಿಗೈಗೆ ತಾಗಬಾರದು. ಆ ಅಂಟು ಏನೆಂದು ತಿಳಿಯುವ ಮುಂಚೆ ಅದನ್ನು ಮುಟ್ಟಿದ್ದ ನನ್ನ ಬೆರಳುಗಳು ಕೆಂಪಾಗಿ ತುರಿಸಿದವು. ಇದಕ್ಕೆ ಒಮ್ಮೆ ಅಲರ್ಜಿ ಶುರುವಾದರೆ ಸಾಮಾನ್ಯವಾಗಿ ಹೋಗುವುದಿಲ್ಲ, ಮುಂದೆ ಸ್ವಲ್ಪ ತಾಗಿದರೂ ಕೆರಳುತ್ತದೆ. ನೈಟ್ರೈಲ್ ಗ್ಲೌಸ್ ಹಾಕಿಕೊಳ್ಳಿ. ಲೇಟೆಕ್ಸ್ ಗ್ಲೌಸ್ ನಂಬಬೇಡಿ. ಮಕ್ಕಳು ಆಡುವ ಲೇಔಟ್ ಆದರೆ ಸೋರುವ ಸಾಮಾನನ್ನು ಮೊದಲು ಅಲ್ಲಿಂದ ತೆಗೆಯಿರಿ.

ನಿಮ್ಮ ಹತ್ತಿರ ಆಗಲೇ ತೂತಿಲ್ಲದ ಟೊಳ್ಳು ಸಾಮಾನು ಇದ್ದರೆ, ಗಾಳಿಯಾಡುವ ಕಡೆ ಟ್ರೇ ಮೇಲಿಟ್ಟು ಅಡಿಭಾಗದಲ್ಲಿ ಎರಡು ತೂತು ಕೊರೆಯಿರಿ. ಕನ್ನಡಕ ಇರಲಿ, ಒಳಗಿನ ಒತ್ತಡಕ್ಕೆ ಹನಿ ಸಿಡಿಯಬಹುದು. ದ್ರವ ಬಸಿದು, ಒಳಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ತೊಳೆದು, ಪೂರ್ತಿ ಒಣಗಿಸಿ, ಸಣ್ಣ ಯುವಿ ಎಲ್‌ಇಡಿಯನ್ನು ತೂತಿನೊಳಗೆ ತೂರಿಸಿ ಗಟ್ಟಿ ಮಾಡಿ. ಆಲ್ಕೋಹಾಲ್ ಬೇಗ ಬೆಂಕಿ ಹತ್ತುವಂಥದ್ದು, ಓಡುವ ರೈಲಿನ ಹತ್ತಿರ ಬೇಡ. ತೊಳೆದ ದ್ರವವನ್ನು ಸಿಂಕಿಗೆ ಸುರಿಯಬೇಡಿ. ನೀರಿನಲ್ಲಿ ತೊಳೆಯುವ ರೆಸಿನ್ ಅಂತ ಬರೆದಿದ್ದರೂ ಅಷ್ಟೆ, ಆ ನೀರಲ್ಲೂ ಹಸಿ ರೆಸಿನ್ ಇರುತ್ತದೆ. ಒರೆಸಿದ ಬಟ್ಟೆಯನ್ನು ಬಿಸಿಲಲ್ಲಿ ಹರಡಿ, ಅಂಟು ಪೂರ್ತಿ ಗಟ್ಟಿಯಾದ ಮೇಲೆ ಎಸೆಯಿರಿ.

ಎರಡು ವ್ಯಾಗನ್‌ಗಳಿಗೂ ಹೀಗೇ ಮಾಡಿದೆ. ಒಂದು ಉಳಿಯಿತು. ಇನ್ನೊಂದರ ಗೋಡೆ ಡ್ರಿಲ್ ತಾಗುತ್ತಲೇ ಉದ್ದಕ್ಕೆ ಸೀಳಿತು.